ವಿಂಬಲ್ಡನ್ ಕ್ಯೂ ಮತ್ತು 30 ಪೌಂಡಿನ ಗ್ರೌಂಡ್ ಪಾಸ್: ತುಮಕೂರಿನಿಂದ ಹೋಗಿ ನೋಡಿ ಬಂದವರ ಮಾತು

ವಿಂಬಲ್ಡನ್ ಟೆನಿಸ್ ನೋಡಬೇಕಾದರೆ ಲಕ್ಷಗಟ್ಟಲೆ ಸುರಿದು ಟಿಕೆಟ್ ಕೊಳ್ಳಬೇಕು, ಇಲ್ಲವೇ ಯಾರದಾದರೂ ವಶೀಲಿ ಹಿಡಿಯಬೇಕು ಅಂತ ನಮ್ಮ ಕಡೆ ಎಷ್ಟೋ ಜನ ತಿಳಿದಿದ್ದಾರೆ. ಎರಡೂ ಬೇಕಿಲ್ಲ. ಬೆಳಿಗ್ಗೆ ಬೇಗ ಎದ್ದು ಹೋಗಿ ಸಾಲಿನಲ್ಲಿ ಕೂತರೆ ಒಳಗೆ ಬಿಡುತ್ತಾರೆ. 2025ರಲ್ಲಿ ಅದಕ್ಕೆ 30 ಪೌಂಡ್, ಅಂದರೆ ಸುಮಾರು 3,500 ರೂಪಾಯಿ ಇತ್ತು. ಆ ಸಾಲಿಗೆ ಅಲ್ಲಿ 'ದಿ ಕ್ಯೂ' ಅಂತಲೇ ಹೆಸರು. 2025ರ ಟೂರ್ನಿಯ ಮೊದಲ ವಾರದಲ್ಲಿ ನಾನು, ನನ್ನ ತಂಗಿ ಇಬ್ಬರೂ ಆ ಸಾಲಿನಲ್ಲಿ ಕೂತು, ಸೆಂಟರ್, 1, 2 ಅನ್ನುವ ಮೂರು ದೊಡ್ಡ ಕೋರ್ಟ್ ಬಿಟ್ಟು ಮಿಕ್ಕ ಕಡೆ ಆಟ ನೋಡಲು ಬಿಡುವ ಗ್ರೌಂಡ್ ಪಾಸ್ ತೆಗೆದುಕೊಂಡು, ಕತ್ತಲಾಗುವವರೆಗೆ ಆಟ ನೋಡಿ ಬಂದೆವು. ನಾನು ಇಲ್ಲಿ ಹೇಳುತ್ತಿರುವುದು ಆ ಕ್ಯೂ ಹೇಗಿತ್ತು, ಆ ಪಾಸಿಗೆ ಕೊಟ್ಟ ದುಡ್ಡು ದಕ್ಕಿತಾ ಅನ್ನುವುದನ್ನು. ಜೊತೆಗೆ ತುಮಕೂರಿನಂಥ ಊರಿನಿಂದ ಹೊರಡುವವರು ಏನೇನು ನೋಡಿಕೊಳ್ಳಬೇಕು ಅನ್ನುವುದನ್ನೂ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಿಯಾದವಳು. ಎಸ್.ಎಸ್. ಪುರಂನಲ್ಲಿ ಮನೆ. ದೂರದರ್ಶನದಲ್ಲಿ ಸ್ಟೆಫಿ ಗ್ರಾಫ್ ಆಡುವುದನ್ನು ನೋಡಿದಾಗಿನಿಂದ ಟೆನಿಸ್ ಅಂದರೆ ಪ್ರಾಣ. ಆದರೆ ಸರ್ವಿಸಿನಲ್ಲಿ ಇರುವವರೆಗೂ ಜೂನ್, ಜುಲೈ ಅಂದರೆ ಹೊಸ ದಾಖಲಾತಿ, ಪುಸ್ತಕ ಹಂಚುವುದು, ಸೇತುಬಂಧ. ಆಗ ರಜೆ ಕೇಳುವ ಮಾತೇ ಇರಲಿಲ್ಲ. ತಂಗಿ ಗುಬ್ಬಿ ಹತ್ತಿರ ಅಡಿಕೆ, ತೆಂಗಿನ ತೋಟ ನೋಡಿಕೊಳ್ಳುತ್ತಾಳೆ. ಅವಳಿಗೆ ಟೆನಿಸ್ ಲೆಕ್ಕ ಗೊತ್ತಿರಲಿಲ್ಲ. ಹದಿನೈದಾದ ಮೇಲೆ ಮೂವತ್ತು, ಆಮೇಲೆ ಯಾಕೆ ನಲವತ್ತು ಅಂತ ವಿಮಾನದಲ್ಲೇ ಕೇಳಿದಳು. ಅವಳ ಮಾತುಗಳನ್ನೂ ಇಲ್ಲಿ ಸೇರಿಸಿದ್ದೇನೆ. ಮನೆಯಲ್ಲಿ ಒಬ್ಬರಿಗೆ ಟೆನಿಸ್ ಹುಚ್ಚು, ಇನ್ನೊಬ್ಬರು ಜೊತೆಗೆ ಬರುವವರು, ಹೆಚ್ಚಿನ ಕಡೆ ಹೀಗೇ ಅಲ್ವಾ?

ಮೊದಲು ಟಿಕೆಟ್ ವಿಷಯ ಸ್ಪಷ್ಟ ಮಾಡಿಕೊಳ್ಳಿ, ಯಾಕೆಂದರೆ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ವಿಂಬಲ್ಡನ್ ಟಿಕೆಟ್ ಬಹುಪಾಲು ಹೋಗುವುದು ಬ್ಯಾಲಟ್‌ನಲ್ಲಿ. ಅದು ಲಾಟರಿ. ಹಿಂದಿನ ವರ್ಷವೇ ಅವರ ವೆಬ್‌ಸೈಟಿನಲ್ಲಿ ಖಾತೆ ಮಾಡಿಕೊಂಡು ಹೆಸರು ಕೊಡಬೇಕು. ಹೆಸರು ಕೊಡಲು ದುಡ್ಡಿಲ್ಲ. ಸಿಕ್ಕರೆ ಯಾವ ದಿನ, ಯಾವ ಕೋರ್ಟು ಅಂತ ಅವರೇ ಹೇಳುತ್ತಾರೆ. ನಾವು ಆರಿಸುವ ಹಾಗಿಲ್ಲ. ಹಾಗೆ ಸಿಕ್ಕ ಟಿಕೆಟನ್ನು ಬೇರೆಯವರಿಗೆ ಮಾರುವ ಹಾಗೂ ಇಲ್ಲ. ಮಾರಿದ್ದು ಗೊತ್ತಾದರೆ ಟಿಕೆಟ್ ರದ್ದಾಗುತ್ತದೆ. ಕೈಯಿಂದ ಕೈಗೆ ಮಾರಲು ಒಪ್ಪಿಗೆ ಇರುವುದು ಡಿಬೆಂಚರ್ ಟಿಕೆಟ್ಟಿಗೆ ಮಾತ್ರ. ಅದು ಟೂರ್ನಿ ನಡೆಸುವ ಕ್ಲಬ್ಬಿಗೆ ಬಂಡವಾಳ ಕೊಟ್ಟವರಿಗೆ ಸಿಗುವ ಸೀಟು, ಬೆಲೆ ನಮ್ಮಂಥವರಿಗೆ ಎಟುಕುವುದಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ನಾವು ವಿಚಾರಿಸಿದ ಒಂದು ಟ್ರಾವೆಲ್ಸಿನವರು ವಿಮಾನ, ಹೋಟೆಲ್, 'ಸೆಂಟರ್ ಕೋರ್ಟ್ ಟಿಕೆಟ್ ಕನ್ಫರ್ಮ್' ಎಲ್ಲ ಸೇರಿಸಿ ಒಂದು ದೊಡ್ಡ ಮೊತ್ತ ಹೇಳಿದರು. ಡಿಬೆಂಚರಾ, ಊಟ, ಸೀಟು ಸೇರಿಸಿ ಅಧಿಕೃತವಾಗಿ ಮಾರುವ ಹಾಸ್ಪಿಟಾಲಿಟಿ ಪ್ಯಾಕೇಜಾ, ಟಿಕೆಟ್ ಯಾರ ಹೆಸರಿನಲ್ಲಿ ಬರುತ್ತದೆ ಅಂತ ಕೇಳಿದೆ. "ಅದೆಲ್ಲ ನಮಗೆ ಬಿಡಿ ಮೇಡಂ, ನೀವು ಅಡ್ವಾನ್ಸ್ ಕೊಡಿ" ಅಂದರು. ನಾನು ಎದ್ದು ಬಂದೆ. ನೀವೂ ಈ ಎರಡು ಪ್ರಶ್ನೆ ಕೇಳಿ. ಉತ್ತರ ನೆಟ್ಟಗೆ ಬರದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಉಳಿದ ದಾರಿ ಕ್ಯೂ. ಇಷ್ಟು ದೊಡ್ಡ ಆಟದಲ್ಲಿ ಆವತ್ತಿನ ಟಿಕೆಟ್ಟನ್ನು ಆವತ್ತೇ, ಸಾಲಿನಲ್ಲಿ ಕೂತವರಿಗೆ, ಮುಖಬೆಲೆಗೇ ಕೊಡುವುದು ಈಗ ಅಪರೂಪ. ಸೆಂಟರ್ ಕೋರ್ಟ್, ನಂಬರ್ 1 ಕೋರ್ಟ್, ನಂಬರ್ 2 ಕೋರ್ಟ್, ಮೂರರಲ್ಲಿ ಒಂದೊಂದಕ್ಕೂ ದಿನಕ್ಕೆ ಸುಮಾರು 500 ಟಿಕೆಟ್ ಕ್ಯೂನವರಿಗೆ ಅಂತಲೇ ಎತ್ತಿಡುತ್ತಾರೆ. ಕೊನೆಯ ನಾಲ್ಕು ದಿನ ಮಾತ್ರ ಸೆಂಟರ್ ಕೋರ್ಟಿಗೆ ಹೀಗೆ ಸಿಗುವುದಿಲ್ಲ. ಇವು ಬೇಕು ಅನ್ನುವವರು ಹಿಂದಿನ ದಿನವೇ ಬಂದು ಪಾರ್ಕಿನಲ್ಲಿ ಟೆಂಟ್ ಹಾಕಿ ಮಲಗುತ್ತಾರೆ. ಉಳಿದ ಸಾವಿರಾರು ಜನಕ್ಕೆ ಗ್ರೌಂಡ್ ಪಾಸ್. ನಮ್ಮ ವಯಸ್ಸಿಗೆ, ನಮ್ಮ ಮಂಡಿಗೆ ಟೆಂಟ್ ಆಗುವುದಿಲ್ಲ. ಆದ್ದರಿಂದ ಗ್ರೌಂಡ್ ಪಾಸ್ ಅಂತಲೇ ತೀರ್ಮಾನ ಮಾಡಿಕೊಂಡು ಹೊರಟೆವು. ಅದೇ ಸರಿಯಾದ ತೀರ್ಮಾನ ಅಂತ ಈಗಲೂ ಹೇಳುತ್ತೇನೆ.

ಇನ್ನು ವೀಸಾ. ಹೋಗುವ ದಿನಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. 2025ರಲ್ಲಿ ನಾವು ಹೋದಾಗ ಆರು ತಿಂಗಳ ಪ್ರವಾಸಿ ವೀಸಾಗೆ 127 ಪೌಂಡ್, ಸುಮಾರು 15,000 ರೂಪಾಯಿ ಇತ್ತು. ವೀಸಾ ಸಿಗದಿದ್ದರೆ ಆ ದುಡ್ಡು ವಾಪಸ್ಸು ಬರುವುದಿಲ್ಲ. ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಅರ್ಜಿ ಆನ್‌ಲೈನ್, ಬೆರಳಚ್ಚು ಮತ್ತು ಫೋಟೋಗೆ ಬೆಂಗಳೂರಿಗೆ ಹೋಗಬೇಕು. ಮ್ಯಾಚ್ ಟಿಕೆಟ್ ಕೈಯಲ್ಲಿ ಇರಲೇಬೇಕು ಅಂತ ಇಲ್ಲ. ಟೆನಿಸ್ ನೋಡಲು ಹೋಗುತ್ತಿದ್ದೇವೆ, ಕ್ಯೂನಲ್ಲಿ ಪಾಸ್ ತೆಗೆದುಕೊಳ್ಳುತ್ತೇವೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದೆವು.

ನನ್ನ ಕಾಗದಪತ್ರ ಸುಲಭ: ಪಿಂಚಣಿ ಆದೇಶ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಪತ್ರ. ತಂಗಿಯದೇ ಹೆಚ್ಚು ಕೆಲಸ. ಅವಳ ಆದಾಯಕ್ಕೆ ದಾಖಲೆ ಅಂದರೆ ಪಹಣಿ, ಅಡಿಕೆ ಮಂಡಿಯ ಪಟ್ಟಿ. ಎರಡೂ ಕನ್ನಡದಲ್ಲಿ ಇವೆ. ಇಂಗ್ಲಿಷಿನಲ್ಲಿ ಇಲ್ಲದ ಯಾವ ಕಾಗದ ಕೊಟ್ಟರೂ ಅದರ ಜೊತೆಗೆ ಅನುವಾದ ಇರಬೇಕು. ಅನುವಾದ ಮಾಡಿದವರು ಇದು ಮೂಲಕ್ಕೆ ಸರಿಯಾಗಿದೆ ಅಂತ ಬರೆದು, ಹೆಸರು, ಸಹಿ, ತಾರೀಖು, ವಿಳಾಸ ಹಾಕಿಕೊಡಬೇಕು. ಹಳ್ಳಿ ಕಡೆಯಿಂದ ಅರ್ಜಿ ಹಾಕುವ ರೈತರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪಹಣಿಯನ್ನು ಹಾಗೇ ಸ್ಕ್ಯಾನ್ ಮಾಡಿ ಹಾಕಿದರೆ ಪ್ರಯೋಜನ ಇಲ್ಲ. ಮಂಡಿಯಿಂದ ಬಂದ ದುಡ್ಡು ಬ್ಯಾಂಕಿನಲ್ಲಿ ಯಾವ ತಾರೀಖು ಜಮಾ ಆಗಿದೆ ಅಂತ ಪಟ್ಟಿಗೂ ಸ್ಟೇಟ್‌ಮೆಂಟಿಗೂ ತಾಳೆ ಮಾಡಿ, ಪೆನ್ಸಿಲಿನಲ್ಲಿ ನಂಬರು ಹಾಕಿ ಜೋಡಿಸಿಕೊಟ್ಟೆ. ತಂಗಿ ಪಕ್ಕದಲ್ಲಿ ಕೂತು, "ಅಕ್ಕಾ, ಇಷ್ಟು ಲೆಕ್ಕ ನಾನು ಮಂಡಿಯವರಿಗೂ ಕೇಳಿಲ್ಲ" ಅಂದಳು. ಇಬ್ಬರ ವೀಸಾವೂ ಒಟ್ಟಿಗೇ ಬಂತು.

ವಿಮಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನಗಳಿವೆ. ಬ್ರಿಟಿಷ್ ಏರ್‌ವೇಸ್, ಏರ್ ಇಂಡಿಯಾ, 2024ರಿಂದ ವರ್ಜಿನ್ ಅಟ್ಲಾಂಟಿಕ್ ಕೂಡ ಇದೆ. ವಯಸ್ಸಾದವರು ನಡುವೆ ಇಳಿದು ಹತ್ತುವ ಅಗ್ಗದ ಟಿಕೆಟ್ಟಿಗಿಂತ ನೇರ ಹೋಗುವುದೇ ಮೇಲು. ತುಮಕೂರಿನವರು ಏರ್‌ಪೋರ್ಟಿಗೆ ಬೆಂಗಳೂರು ನಗರದೊಳಗೆ ನುಗ್ಗಬೇಡಿ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋದರೆ ಗೊರಗುಂಟೆಪಾಳ್ಯ, ಹೆಬ್ಬಾಳದ ಕಾಟವೇ ಇಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಟರೆ ವಿಮಾನದ ಊಟದವರೆಗೆ ಚಿಂತೆ ಇಲ್ಲ.

ಉಳಿದುಕೊಳ್ಳುವುದು ಎಲ್ಲಿ ಅನ್ನುವುದು ಮುಖ್ಯ. ಟೂರ್ನಿ ಹೊತ್ತಿಗೆ ವಿಂಬಲ್ಡನ್ ಸುತ್ತಮುತ್ತ ರೂಮಿನ ಬಾಡಿಗೆ ಮುಟ್ಟುವ ಹಾಗಿರುವುದಿಲ್ಲ. ನಾವು ಇಳಿದುಕೊಂಡದ್ದು ಟೂಟಿಂಗ್ ಅನ್ನುವ ಕಡೆ. ಅಲ್ಲಿ ತಮಿಳರು, ಶ್ರೀಲಂಕಾದವರು, ಕೇರಳದವರು ನಡೆಸುವ ಹೋಟೆಲ್‌ಗಳು ಸಾಲಾಗಿವೆ. ದೋಸೆ, ಇಡ್ಲಿ, ಅನ್ನ ಸಾರು ಎಲ್ಲ ಸಿಗುತ್ತದೆ. ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿಂದ 493 ನಂಬರಿನ ಬಸ್ಸು ಕೋರ್ಟಿನ ಬಾಗಿಲ ಮುಂದೆಯೇ ಹೋಗುತ್ತದೆ. ರೈಲಿನಲ್ಲಿ ಬರುವವರು ಹೆಸರು ನೋಡಿ ವಿಂಬಲ್ಡನ್ ಸ್ಟೇಷನ್‌ವರೆಗೂ ಹೋಗುತ್ತಾರೆ. ಕೋರ್ಟಿಗೆ ಹತ್ತಿರದ್ದು ಡಿಸ್ಟ್ರಿಕ್ಟ್ ಲೈನಿನ ಸೌತ್‌ಫೀಲ್ಡ್ಸ್ ಸ್ಟೇಷನ್. ಅಲ್ಲಿ ಇಳಿದು ಜನರ ಹಿಂದೆ ನಡೆದರೆ ಸಾಕು.

ದುಡ್ಡಿನ ವಿಷಯ ಒಂದೇ ಮಾತು. ಟೂರ್ನಿಯ ಒಳಗೆ ನಗದು ನಡೆಯುವುದಿಲ್ಲ, ಕಾರ್ಡೇ. ಊರು ಬಿಡುವ ಮುಂಚೆ ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿಗೆ ವಿದೇಶದ ಬಳಕೆ ಆನ್ ಮಾಡಿಕೊಳ್ಳಿ. ವಿಂಬಲ್ಡನ್ ಆ್ಯಪನ್ನೂ ಊರಲ್ಲೇ ಫೋನಿಗೆ ಹಾಕಿಕೊಂಡು ಖಾತೆ ಮಾಡಿಕೊಂಡಿರಿ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಕ್ಯೂಗೆ ಬರುತ್ತೇನೆ. ಕೋರ್ಟಿನ ಎದುರಿಗೇ ವಿಂಬಲ್ಡನ್ ಪಾರ್ಕ್. ಬೆಳಕು ಹರಿಯುವ ಹೊತ್ತಿಗೆ ಟ್ಯಾಕ್ಸಿಯಲ್ಲಿ ಹೋಗಿ ಇಳಿದೆವು. ಹುಲ್ಲಿನ ಮೇಲೆ ಸಾಲು ಸಾಲಾಗಿ ಜನ. ಸಾಲಿನ ಕೊನೆ ಎಲ್ಲಿ ಅಂತ ತಿಳಿಯಲಿ ಅಂತ ಅಲ್ಲೊಂದು ಬಾವುಟ ಹಿಡಿದಿರುತ್ತಾರೆ. ಅಲ್ಲಿಗೆ ಹೋಗಿ ನಿಂತ ಕೂಡಲೇ ಸಾಲು ನೋಡಿಕೊಳ್ಳುವ ಸ್ಟೂವರ್ಡ್ ಒಬ್ಬರು, ನನ್ನಷ್ಟೇ ವಯಸ್ಸಿನ ಹೆಂಗಸು, ಬಂದು ನಮಸ್ಕಾರ ಹೇಳುವ ಹಾಗೆ ತಲೆ ಬಾಗಿಸಿ ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟರು. ಮೇಲೆ ಆವತ್ತಿನ ತಾರೀಖು, ಒಂದು ನಂಬರು. ಅದೇ ಕ್ಯೂ ಕಾರ್ಡ್. ಆ ಚೀಟಿ ಕೈಗೆ ಬಂದ ಮೇಲೆ ನಿಮ್ಮ ಜಾಗ ನಿಮ್ಮದು. ನಿಲ್ಲಬೇಕಾಗಿಲ್ಲ, ಕೂರಬಹುದು, ಮಲಗಬಹುದು. ಟಾಯ್ಲೆಟ್ಟಿಗೋ ಕಾಫಿಗೋ ಎದ್ದು ಹೋಗಿ ಅರ್ಧ ಗಂಟೆಯೊಳಗೆ ಬರಬಹುದು. ಅದಕ್ಕಿಂತ ಜಾಸ್ತಿ ಬಿಟ್ಟರೆ ಜಾಗ ಹೋಗುತ್ತದೆ. ಒಬ್ಬರು ಕೂತು ನಾಲ್ಕು ಜನಕ್ಕೆ ಟಿಕೆಟ್ ತೆಗೆದುಕೊಳ್ಳುವ ಹಾಗಿಲ್ಲ, ತಲೆಗೊಂದೇ. ಟವಲ್ ಹಾಸಿ ಜಾಗ ಹಿಡಿಯುವುದೂ ನಡೆಯುವುದಿಲ್ಲ.

ನಮ್ಮ ಮುಂದೆ ರಾತ್ರಿ ಟೆಂಟಿನಲ್ಲಿ ಮಲಗಿದ್ದ ಹುಡುಗ ಹುಡುಗಿಯರು ಟೆಂಟ್ ಮಡಚುತ್ತಿದ್ದರು. ಇಬ್ಬರು ಹಿಡಿಯುವ ಟೆಂಟಿಗೆ ಮಾತ್ರ ಅನುಮತಿ. ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ. ಬೆಳಿಗ್ಗೆ ಬೇಗ ಸ್ಟೂವರ್ಡ್‌ಗಳೇ ಬಂದು ಎಬ್ಬಿಸಿ, ಟೆಂಟನ್ನು ಲಗೇಜ್ ಕೌಂಟರಿಗೆ ಕಳಿಸಿ, ಎಲ್ಲರನ್ನೂ ಒತ್ತಾಗಿ ಕೂರಿಸುತ್ತಾರೆ. ಆಮೇಲೆ ಮುಂದಿನವರಿಗೆ ಯಾವ ಕೋರ್ಟ್ ಬೇಕು ಅಂತ ಕೇಳಿ ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಾ ಬರುತ್ತಾರೆ. ನಮ್ಮ ನಂಬರು ಸಾವಿರಗಳ ಲೆಕ್ಕದ್ದು, ಪಟ್ಟಿ ಬರುವ ಆಸೆ ಇರಲಿಲ್ಲ. ತಂಗಿ ತುಂಬ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದಳು. ಆಮೇಲೆ, "ಅಕ್ಕಾ, ಇಷ್ಟು ಹೊತ್ತಾದರೂ ಒಬ್ಬನೂ ಮಧ್ಯೆ ತೂರಿಕೊಳ್ಳಲಿಲ್ಲವಲ್ಲ" ಅಂದಳು. ಸೊಸೈಟಿ ಮುಂದೆ ಗೊಬ್ಬರಕ್ಕೆ ನಿಂತು ನಿಂತು ನೋಡಿದವಳು ಅವಳು. ಆ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು.

ಗೇಟು ತೆಗೆಯುವುದು ಹತ್ತು ಗಂಟೆಗೆ. ಸಾಲು ಸರಿಯುತ್ತಾ, ಬ್ಯಾಗ್ ತಪಾಸಣೆ ಮುಗಿಸಿ, ಕಾರ್ಡ್ ಉಜ್ಜಿ ಒಳಗೆ ಕಾಲಿಡುವಾಗ ಹೊರಗಿನ ಕೋರ್ಟ್‌ಗಳಲ್ಲಿ ಆಟ ಶುರುವಾಗುವ ಹೊತ್ತು. ಹನ್ನೊಂದಕ್ಕೆ ಅಲ್ಲಿ ಶುರು, ನಂಬರ್ 1ರಲ್ಲಿ ಒಂದಕ್ಕೆ, ಸೆಂಟರ್ ಕೋರ್ಟಿನಲ್ಲಿ ಒಂದೂವರೆಗೆ. ಬ್ಯಾಗು ಒಬ್ಬರಿಗೆ ಒಂದೇ, ಉದ್ದ 40, ಅಗಲ ಎತ್ತರ 30 ಸೆಂಟಿಮೀಟರ್ ದಾಟಬಾರದು. ಊರಿಂದ ತಂದ ದೊಡ್ಡ ವ್ಯಾನಿಟಿ ಬ್ಯಾಗ್ ಅಳತೆ ಮಾಡಿಕೊಂಡೇ ಹೊರಡಿ.

ಗ್ರೌಂಡ್ ಪಾಸಿನಲ್ಲಿ ಸೆಂಟರ್, 1, 2ನೇ ಕೋರ್ಟ್ ಬಿಟ್ಟು ಮಿಕ್ಕವಕ್ಕೆ ಹೋಗಬಹುದು. ಸೀಟ್ ನಂಬರ್ ಇಲ್ಲ, ಮೊದಲು ಬಂದವರಿಗೆ ಜಾಗ. ಇದು ಕಡಿಮೆ ದರ್ಜೆಯ ಟಿಕೆಟ್ ಅಂತ ತಿಳಿಯಬೇಡಿ. ಮೊದಲ ವಾರದಲ್ಲಿ ವಿಶ್ವದ ಮೊದಲ ಐವತ್ತು ರ‍್ಯಾಂಕಿನೊಳಗಿನವರು ಎಷ್ಟೋ ಜನ ಈ ಸಣ್ಣ ಕೋರ್ಟ್‌ಗಳಲ್ಲೇ ಆಡುತ್ತಾರೆ. ಸೆಂಟರ್ ಕೋರ್ಟಿನಲ್ಲಿ ಹದಿನೈದು ಸಾವಿರ ಜನರ ನಡುವೆ ಮೇಲಿನ ಸಾಲಿನಲ್ಲಿ ಕೂತರೆ ಕಾಣದ್ದು ಇಲ್ಲಿ ಕಾಣುತ್ತದೆ.

ಒಂದು ಡಬಲ್ಸ್ ಆಟದಲ್ಲಿ ನಮ್ಮ ಬೆಂಚಿಗೂ ಪಕ್ಕದ ಗೆರೆಗೂ ನಡುವೆ ಕೆಲವೇ ಅಡಿ. ನೆಟ್ ಹತ್ತಿರ ಬಾಗಿ ನಿಂತ ಆಟಗಾರ ಬೆನ್ನ ಹಿಂದೆ ಬೆರಳು ಮಡಚಿ ಬಿಡಿಸಿ ಜೊತೆಗಾರನಿಗೆ ಸನ್ನೆ ಮಾಡುತ್ತಾನೆ. ಸರ್ವ್ ಎಲ್ಲಿಗೆ ಬೀಳಬೇಕು, ತಾನು ಆ ಕಡೆ ಹಾರುತ್ತೇನಾ ಇಲ್ಲೇ ಇರುತ್ತೇನಾ, ಎಲ್ಲ ಬೆರಳಲ್ಲೇ. ಟಿವಿಯಲ್ಲಿ ಇದನ್ನು ಅರೆಕ್ಷಣ ತೋರಿಸಿ ಬಿಡುತ್ತಾರೆ. ಇಲ್ಲಿ ಪ್ರತಿ ಪಾಯಿಂಟಿಗೂ ಕಣ್ಣ ಮುಂದೆಯೇ. ಸರ್ವ್ ಹೊಡೆದಾಗ ಚೆಂಡು ಹುಲ್ಲಿಗೆ ತಾಗಿ ಪುಟಿಯುವುದು ಎಷ್ಟು ಕೆಳಗೆ ಅಂದರೆ, ಎದುರಿನವನ ಮಂಡಿ ನೆಲಕ್ಕೆ ಮುಟ್ಟುವಷ್ಟು ಬಗ್ಗುತ್ತಿತ್ತು. ಸದ್ದೂ ಬೇರೆ. ಮಣ್ಣಿನ ಕೋರ್ಟಿನ ಹಾಗೆ ಧಪ್ ಅನ್ನುವುದಿಲ್ಲ, ಬಿಗಿಯಾಗಿ ಚಿಕ್ಕದಾಗಿ ಕೇಳುತ್ತದೆ. ಆಟ ಸಾಗುತ್ತಾ ಸಾಗುತ್ತಾ ತಂಗಿ ಲೆಕ್ಕ ಕೇಳುವುದನ್ನು ಬಿಟ್ಟು ಆ ಬೆರಳುಗಳನ್ನೇ ನೋಡತೊಡಗಿದಳು. "ಈಗ ಅವನು ಎಡಕ್ಕೆ ಹಾರ್ತಾನೆ ನೋಡು" ಅಂದಳು. ಹಾರಿದ. ಅವಳಿಗೆ ಕೊಟ್ಟ ಮೂವತ್ತು ಪೌಂಡ್ ಅಲ್ಲೇ ದಕ್ಕಿತು.

ಡಬಲ್ಸ್ ನೋಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ, ನಮ್ಮ ದೇಶದವರು ಇಲ್ಲಿ ಹೆಸರು ಮಾಡಿರುವುದು ಹೆಚ್ಚಾಗಿ ಅದರಲ್ಲೇ. ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ 1999ರಲ್ಲಿ ಗೆದ್ದರು. ಸಾನಿಯಾ ಮಿರ್ಜಾ 2015ರಲ್ಲಿ ಮಾರ್ಟಿನಾ ಹಿಂಗಿಸ್ ಜೊತೆ ಗೆದ್ದರು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಇಲ್ಲಿ 2013, 2015, 2023ರಲ್ಲಿ ಸೆಮಿಫೈನಲ್ ಮುಟ್ಟಿದವರು. 2024ರ ಜನವರಿಯಲ್ಲಿ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು, ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. 2025ರ ನವೆಂಬರ್‌ನಲ್ಲಿ ಅವರು ನಿವೃತ್ತಿ ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಮುಂದೆ ಹೋಗುವವರು ಆವತ್ತಿನ ಆಟದ ಪಟ್ಟಿಯಲ್ಲಿ ಭಾರತದ ಹೆಸರು ಹುಡುಕಿ. ಡಬಲ್ಸ್ ಶುರುವಾಗುವುದು ಮೊದಲ ವಾರದ ಮಧ್ಯದಲ್ಲಿ, ಸೋಮವಾರವೇ ಹೋದರೆ ಸಿಗುವುದಿಲ್ಲ.

18ನೇ ಕೋರ್ಟಿಗೆ ಹೋಗದೆ ಬರಬೇಡಿ. 2010ರಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು ಮೂರು ದಿನ, ಒಟ್ಟು 11 ಗಂಟೆ 5 ನಿಮಿಷ ಆಡಿದ್ದು ಅಲ್ಲೇ. ಕೊನೆಯ ಸೆಟ್ಟು 70-68. ಅದರ ನೆನಪಿಗೆ ಗೋಡೆಗೆ ಒಂದು ಫಲಕ ಹಾಕಿದ್ದಾರೆ. ಗಣಿತದ ಟೀಚರ್ ಆಗಿ ಆ ಸಂಖ್ಯೆಗಳ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಆ ಪಂದ್ಯದಲ್ಲಿ ಒಟ್ಟು 183 ಗೇಮ್. ಈಗ ಕೊನೆಯ ಸೆಟ್ಟಿನಲ್ಲಿ 6-6 ಆದರೆ ಪಾಯಿಂಟಿನ ಲೆಕ್ಕದಲ್ಲಿ ಸೆಟ್ಟು ಮುಗಿಸುವ ಟೈಬ್ರೇಕ್ ಇದೆ, ಅಂಥ ಆಟ ಇನ್ನು ಆಗುವುದಿಲ್ಲ.

ತಂಗಿಗೆ ಹಿಡಿಸಿದ್ದು ಹುಲ್ಲು. ಆಟ ಮುಗಿದ ಒಂದು ಕೋರ್ಟಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಹುಲ್ಲು ಮುಟ್ಟಲು ಬಿಡುವುದಿಲ್ಲ, ಕಣ್ಣಲ್ಲೇ ನೋಡಬೇಕು. 2001ರಿಂದ ಪೂರ್ತಿ ರೈ ಹುಲ್ಲು. ಟೂರ್ನಿಯ ದಿನಗಳಲ್ಲಿ ಎತ್ತರ ಸರಿಯಾಗಿ 8 ಮಿಲಿಮೀಟರ್, ದಿನಾ ಕತ್ತರಿಸುತ್ತಾರೆ. ನಡುವೆ ಹಸಿರಾಗಿದ್ದರೂ ಆಟಗಾರರು ನಿಂತು ಆಡುವ ಬೇಸ್‌ಲೈನಿನಲ್ಲಿ ಆಗಲೇ ಸವೆದು ಮಣ್ಣು ಕಾಣಲು ಶುರುವಾಗಿತ್ತು. "ಬೇರು ಗಟ್ಟಿ ಇದೆ, ಮೇಲೆ ಮಾತ್ರ ಹೋಗಿದೆ. ಮತ್ತೆ ಚಿಗುರತ್ತೆ" ಅಂತ ತೀರ್ಪು ಕೊಟ್ಟಳು.

ಇನ್ನು ಮರುಮಾರಾಟದ ಟಿಕೆಟ್. ಇದಕ್ಕೇ ಆ್ಯಪ್ ಬೇಕು ಅಂದದ್ದು. ಸೆಂಟರ್ ಕೋರ್ಟಿನಿಂದ ಮಧ್ಯಾಹ್ನ ಎದ್ದು ಮನೆಗೆ ಹೋಗುವವರು ತಮ್ಮ ಟಿಕೆಟನ್ನು ಬಿಟ್ಟುಕೊಡುತ್ತಾರೆ. ಒಳಗಿರುವ ಗ್ರೌಂಡ್ ಪಾಸಿನವರು ಆ್ಯಪಿನಲ್ಲಿ ಸಾಲಿಗೆ ಸೇರಿಕೊಂಡರೆ, ಸರದಿ ಬಂದಾಗ ಸಂದೇಶ ಬರುತ್ತದೆ. 18ನೇ ಕೋರ್ಟಿನ ಹತ್ತಿರದ ಗೂಡಿಗೆ ಹೋಗಿ ತೆಗೆದುಕೊಳ್ಳಬೇಕು. 2025ರಲ್ಲಿ ಸೆಂಟರ್ ಕೋರ್ಟಿಗೆ 15 ಪೌಂಡ್, 1 ಮತ್ತು 2ನೇ ಕೋರ್ಟಿಗೆ 10 ಇತ್ತು. ಆ ದುಡ್ಡು ದಾನಕ್ಕೆ ಹೋಗುತ್ತದೆ. ನಮಗೆ ಸಂಜೆ ನಂಬರ್ 1 ಕೋರ್ಟಿಗೆ ಸಿಕ್ಕಿತು. ಪುರುಷರ ಫೈನಲ್ಲಿನ ಸೆಂಟರ್ ಕೋರ್ಟ್ ಟಿಕೆಟ್ 2025ರಲ್ಲಿ 315 ಪೌಂಡ್. ಹತ್ತು ಪೌಂಡಿಗೆ ಅಷ್ಟು ದೊಡ್ಡ ಕೋರ್ಟಿನಲ್ಲಿ ಸಂಜೆಯ ಆಟ ನೋಡುವ ಅವಕಾಶ ಬಿಡಬೇಡಿ. ಸಂಜೆ ಹೊತ್ತಿಗೆ ಕಾಲು ಬಿದ್ದುಹೋಗಿರುತ್ತದೆ, ಒಳ್ಳೆಯ ಕುರ್ಚಿ ಸಿಕ್ಕಿದ್ದೇ ದೊಡ್ಡದು.

ಊಟ ತಿಂಡಿ ಮನೆಯಿಂದ ಒಯ್ಯಲು ಬಿಡುತ್ತಾರೆ. ಟೂಟಿಂಗಿನಲ್ಲಿ ಚಪಾತಿ ಕಟ್ಟಿಸಿಕೊಂಡು, ಊರಿಂದ ತಂದ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಹಿಡಿದು ಹೋಗಿದ್ದೆವು. ಊರಿಂದ ತುಪ್ಪ, ಪೇಡ, ಮೈಸೂರು ಪಾಕ್ ಮಾತ್ರ ತರಬೇಡಿ. ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಆ ದೇಶದೊಳಗೆ ಬಿಡುವುದಿಲ್ಲ. ಸ್ಟ್ರಾಬೆರಿ ಮತ್ತು ಕ್ರೀಮ್ ತಿನ್ನದೆ ಬರುವುದು ಹೇಗೆ? 2010ರಿಂದ 2.50 ಪೌಂಡ್ ಇದ್ದದ್ದು 2025ರಲ್ಲಿ 2.70 ಆಯಿತು. ಸುತ್ತಲಿನ ಬೆಲೆಗಳ ನಡುವೆ ಅದೊಂದು ನ್ಯಾಯವಾದ ಬೆಲೆ. ಹಣ್ಣು ತಾಜಾ, ಸಿಹಿ, ಒಳಗಿನವರೆಗೂ ಕೆಂಪು. ಕ್ರೀಮ್ ನನಗೆ ಜಾಸ್ತಿ ಅನ್ನಿಸಿತು. ನೀರು ತುಂಬಿಸಿಕೊಳ್ಳಲು ಅಲ್ಲಲ್ಲಿ ನಲ್ಲಿ ಇದೆ, ಖಾಲಿ ಬಾಟಲ್ ಇಟ್ಟುಕೊಳ್ಳಿ.

ಹಿಡಿಸದ್ದೂ ಇದೆ. ಕ್ಯೂ ಇರುವ ಪಾರ್ಕಿನಲ್ಲಿ ಕೂರುವ ಜಾಗಕ್ಕೆ ನೆರಳಿಲ್ಲ. 2025ರ ಟೂರ್ನಿಯ ಮೊದಲ ದಿನ, ಜೂನ್ 30, ವಿಂಬಲ್ಡನ್ನಿನ ಇತಿಹಾಸದಲ್ಲೇ ಅತಿ ಬಿಸಿಯಾದ ಆರಂಭದ ದಿನ, 32.3 ಡಿಗ್ರಿ. ನಾವು ತುಮಕೂರಿನ ಏಪ್ರಿಲ್ ಕಂಡವರು, ಆ ವಾರದ ಬಿಸಿಲನ್ನು ತಡೆದುಕೊಂಡೆವು. ಆದರೆ ಬಟ್ಟೆಯ ಟೋಪಿ, ಕೊಡೆ ಇಲ್ಲದೆ ಹಿರಿಯರು ಹೋಗಲೇಬಾರದು. ಹೆಂಗಸರ ಟಾಯ್ಲೆಟ್ಟಿನ ಮುಂದೆ ಒಳಗೂ ಹೊರಗೂ ಉದ್ದ ಸಾಲು. ಇಷ್ಟು ಚೆನ್ನಾಗಿ ಕ್ಯೂ ನಡೆಸುವವರು ಇದನ್ನೂ ಸರಿ ಮಾಡಬೇಕು. ಎಂಟು ಒಂಬತ್ತರ ಮೇಲೆ ಕ್ಯೂಗೆ ಬಂದವರು ಮಧ್ಯಾಹ್ನ ದಾಟಿದರೂ ಹೊರಗೇ ಕೂತಿದ್ದರು. ಒಳಗಿನವರು ಹೊರಬಂದಷ್ಟು ಮಾತ್ರ ಹೊಸಬರನ್ನು ಬಿಡುವುದು. ಒಳ್ಳೆಯ ಹೆಸರಿನವರು ಆಡುವ ಸಣ್ಣ ಕೋರ್ಟಿನಲ್ಲಿ ಒಮ್ಮೆ ಎದ್ದರೆ ಮತ್ತೆ ಜಾಗ ಇಲ್ಲ.

ಇನ್ನೊಂದು ಬೇಸರ, ಗೆರೆ ನೋಡುವ ಲೈನ್ ಜಡ್ಜ್‌ಗಳು ಇಲ್ಲ. 2025ರಿಂದ ಆ ಕೆಲಸ ಯಂತ್ರಕ್ಕೆ. ಗೆರೆ ಹಿಂದೆ ಮಂಡಿ ಮೇಲೆ ಕೈ ಇಟ್ಟು ಬಾಗಿ ನಿಲ್ಲುತ್ತಿದ್ದವರನ್ನು ಟಿವಿಯಲ್ಲಿ ನೋಡಿ ಬೆಳೆದವಳು ನಾನು. ಈಗ ಧ್ವನಿವರ್ಧಕದಿಂದ 'ಔಟ್' ಅಂತ ಬರುತ್ತದೆ. ಜನರ ಗದ್ದಲದಲ್ಲಿ ಅದೂ ಕೆಲವು ಸಲ ಸರಿಯಾಗಿ ಕೇಳಿಸಲಿಲ್ಲ. ಹಾಗಂತ ಇಲ್ಲಿನ ಎಲ್ಲ ಬದಲಾವಣೆಯೂ ನನಗೆ ಬೇಸರ ತಂದಿಲ್ಲ. ಬಿಳಿ ಬಟ್ಟೆಯ ಕಟ್ಟುನಿಟ್ಟು ಇರುವ ಜಾಗದಲ್ಲಿ 2023ರಿಂದ ಹೆಣ್ಣುಮಕ್ಕಳು ಸ್ಕರ್ಟಿನ ಒಳಗೆ ಗಾಢ ಬಣ್ಣದ ಚಡ್ಡಿ ತೊಡಬಹುದು. ತಿಂಗಳ ಆ ದಿನಗಳಲ್ಲಿ ಹುಡುಗಿಯರು ಪಿ.ಟಿ. ಪಿರಿಯಡ್ ತಪ್ಪಿಸಿಕೊಳ್ಳುವುದನ್ನು ವರ್ಷಗಟ್ಟಲೆ ನೋಡಿದ ನನಗೆ, ಅದು ಎಷ್ಟು ಮೊದಲೇ ಆಗಬೇಕಿತ್ತು ಅನ್ನಿಸಿತು.

ನನ್ನ ತೀರ್ಪು: ಕ್ಯೂಗೆ ಐದರಲ್ಲಿ ಐದು. ಗ್ರೌಂಡ್ ಪಾಸಿಗೆ ನಾಲ್ಕೂವರೆ, ಅರ್ಧ ಕಳೆದದ್ದು ಟಾಯ್ಲೆಟ್ಟಿಗೆ.

ಹೋಗಬೇಕು ಅನ್ನುವವರು ಈಗಲೇ ಪಾಸ್‌ಪೋರ್ಟಿನ ಅವಧಿ ನೋಡಿಕೊಳ್ಳಿ. ಬ್ಯಾಲಟ್ ತೆರೆದಾಗ ಹೆಸರು ಕೊಡಿ, ದುಡ್ಡಿಲ್ಲದ ಕೆಲಸ. ಮಾರ್ಚ್ ಕೊನೆಗೆ ಕಾಗದ ಜೋಡಿಸಿ ವೀಸಾಗೆ ಹಾಕಿ. ಬ್ಯಾಲಟ್‌ನಲ್ಲಿ ಸೆಂಟರ್ ಕೋರ್ಟೇ ಸಿಕ್ಕಿದರೂ ಮೊದಲ ವಾರದ ಬುಧವಾರವನ್ನೋ ಗುರುವಾರವನ್ನೋ ಕ್ಯೂಗೆ ಅಂತ ಖಾಲಿ ಇಟ್ಟುಕೊಳ್ಳಿ. ಮಳೆ ಬಂದರೆ ಹೊರಗಿನ ಕೋರ್ಟ್‌ಗಳಿಗೆ ಸೂರಿಲ್ಲ, ಆಟ ನಿಲ್ಲುತ್ತದೆ. ಹಾಗಾಗಿ ಅದರ ಮರುದಿನವೂ ಬಿಡುವಿರಲಿ.